ಎಡಗಡೆ ಒಂದೇ ಹಳದಿ ಚೌಕ

...ಇಲ್ಲ ಕಣೇ, ತಪ್ಪು ನನ್ನದೇ! ನೂರಕ್ಕೆ ನೂರು ನನ್ನದೇ. ನೀನು ಯಾಕೆ ಮುಖ ಹಾಗೆ ಮಾಡ್ಕೊಂಡಿದೀಯ? ಬಾ, ಈ ಕಡೆ ಕೂತ್ಕೋ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ಹೋದ ವಾರ ಒಬ್ಬ ಪೈಲಟ್ಟು ಕಾಫಿ ಸಮೇತ ಕೆಳಗೆ ಬಿದ್ದ. ನಗ್ತೀಯಾ? ನಗು, ನಗು. ಸ್ವಂತ ಅಕ್ಕನೇ ತಂಗಿನ ಮಿಷಿನ್ನಲ್ಲಿ ನಿಲ್ಲಿಸಿ ತಪ್ಪು ಬಟನ್ ಒತ್ತಿದಳು ಅಂತ ಊರೆಲ್ಲ ಹೇಳ್ಕೊಂಡು ಬಾ.

ನನಗೆ ಅರ್ಧ ಗಂಟೆ ಬಿಡುವು. ನಿನ್ನ ವಿಮಾನಕ್ಕೆ ಇನ್ನೂ ಐವತ್ತು ನಿಮಿಷ ಇದೆ, ಬೋರ್ಡಲ್ಲಿ ನೋಡಿದೆ. ಈ ಹದಿನಾಲ್ಕನೇ ಗೇಟಿನ ಕಡೆ ಪ್ರಯಾಣಿಕರು ಯಾರೂ ಬರಲ್ಲ, ಎರಡು ತಿಂಗಳಿಂದ ಮುಚ್ಚಿದಾರೆ. ನಾವು ಬೂಟು ಬಿಚ್ಚಿ ಕಾಲು ಚಾಚೋ ಜಾಗ ಇದು. ಅಬ್ಬಾ... ನೋಡು ಹೇಗೆ ಊದಿದೆ. ಬ್ರೆಡ್ಡು ಉಬ್ಬಿದ ಹಾಗೆ.

ಹ್ಞಾಂ? ಹೌದು, ರಜೆ ಅಂತಲೇ ಹೇಳಿದ್ದೆ ನಿನಗೆ. ರಜೆನೇ ಇತ್ತು. ಉದ್ದಜಡೆ ಇದಾಳಲ್ಲ, ನನ್ನ ಜೊತೆ ಕೆಲಸ ಮಾಡೋಳು, ಅವಳ ಜೊತೆ ಡ್ಯೂಟಿ ಬದಲಾಯಿಸಿಕೊಂಡಿದ್ದೆ. ಬೆಳಗ್ಗೆ ಐದಕ್ಕೆ ಫೋನು, ಮಗೂಗೆ ಜ್ವರ ಕಣಕ್ಕಾ ಬರೋಕಾಗಲ್ಲ ಅಂತ. ಏನು ಮಾಡ್ಲಿ? ಬಂದೆ. ಬಂದು ನೋಡಿದ್ರೆ ನನ್ನನ್ನ ಬಟನ್ ಹತ್ರವೇ ಹಾಕಿದಾರೆ. ಅಷ್ಟು ಉದ್ದ ಸಾಲು, ಮೂರು ಮಿಷಿನ್ನು... ನೀನು ಬಂದು ನನ್ನ ಮುಂದೆನೇ ನಿಲ್ಲಬೇಕಾ? ಅಲ್ಲ, ನಿಲ್ಲಬಾರದು ಅಂತಲ್ಲ. ಮನೆಯವರು ಬಂದರೆ ನಾವು ಪಕ್ಕಕ್ಕೆ ಸರಿದು ಬೇರೆಯವರನ್ನ ಕರೀಬೇಕು, ಹಾಗೆ ರೂಲು. ಸರಿಯೋಷ್ಟರಲ್ಲಿ ನೀನು ಒಳಗೆ ಹೋಗಿ ಕೈ ಎತ್ತಿಬಿಟ್ಟಿದ್ದೆ. ನನಗೂ ಗಾಬರಿ. ಬೆರಳು ಎಲ್ಲಿಗೋ ಹೋಯ್ತು.

ಹೇಗೆ ಅಂದ್ರೆ, ಕೇಳಿಲ್ಲಿ. ಆ ಗಾಜಿನ ಗೂಡೊಳಗೆ ಜನ ಬಂದು ನಿಲ್ತಾರಲ್ಲ, ಅದಕ್ಕೆ ಮುಂಚೆ ನಾನೊಂದು ಬಟನ್ ಒತ್ತಬೇಕು. ಹೆಂಗಸಾದರೆ ಗುಲಾಬಿ, ಗಂಡಸಾದರೆ ನೀಲಿ. ಅಷ್ಟೇ ನನ್ನ ವಿದ್ಯೆ! ಇಪ್ಪತ್ತೆರಡು ವರ್ಷ ಸರ್ವೀಸು ಮಾಡಿ ಕೊನೆಗೆ ಕೈಯಲ್ಲಿ ಉಳಿದಿದ್ದು ಗುಲಾಬಿ, ನೀಲಿ. ಮಿಷಿನ್ನಿಗೆ ಮೊದಲೇ ಹೇಳಿಕೊಡಬೇಕು, ಈ ಬರೋ ಮೈಯಲ್ಲಿ ಎಲ್ಲೆಲ್ಲಿ ಉಬ್ಬಿರುತ್ತೆ, ಎಲ್ಲೆಲ್ಲಿ ಇರಲ್ಲ ಅಂತ. ಹೆಂಗಸಿಗೆ ನೀಲಿ ಒತ್ತಿಬಿಟ್ಟರೆ ಅದಕ್ಕೆ ತಲೆ ಕೆಡುತ್ತೆ. ಅಯ್ಯಯ್ಯೋ, ಈ ಗಂಡಸು ಎದೆಗೆ ಏನೋ ಕಟ್ಕೊಂಡು ಬಂದಿದಾನೆ, ಹಿಡೀರಿ ಅಂತ ಹಳದಿ ಚೌಕ ಹಾಕುತ್ತೆ. ಪರದೆ ಮೇಲೆ ಒಂದು ಬೊಂಬೆ ಇರುತ್ತೆ ನೋಡು, ಮೂಗಿಲ್ಲ ಕಣ್ಣಿಲ್ಲ, ಎಲ್ಲರಿಗೂ ಅದೇ ಬೊಂಬೆ. ಅದರ ಮೇಲೆ ಚೌಕ. ಹಾಗೇ ಆಗಿದ್ದು ನಿನಗೆ. ಅದಕ್ಕೇ ನಾನು ಜೊತೆ ಡ್ಯೂಟೀಲಿದ್ದ ಆ ಮೀಸೆಗೆ ಕೂಗಿ ಹೇಳಿದ್ದು, ತಪ್ಪು ಬಟನ್ ಮಾರಾಯ, ನಾನೇ ನೋಡ್ಕೋತೀನಿ ಬಿಡು ಅಂತ. ಅದಕ್ಕೇ ನಿನ್ನ ಭುಜ ತಟ್ಟಿ ಕಳಿಸಿದ್ದು. ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಬರೆದೂ ಆಯ್ತು: ತಪ್ಪು ಒತ್ತು, ಒಂದು.

ಏನು, ನಿನ್ನ ಮೈಯೆಲ್ಲ ಕಾಣುತ್ತಾ ಅಂತಲಾ? ಛೇ ಛೇ! ಎಲ್ಲರೂ ಅದನ್ನೇ ಕೇಳ್ತಾರೆ. ಅದು ಎಕ್ಸ್‌ರೇ ಅಲ್ಲ ಪೀಚು. ಮಿಲಿಮೀಟರ್ ಅಲೆ ಅಂತಾರೆ. ತರಬೇತೀಲಿ ಹೇಳಿಕೊಟ್ಟಿದ್ರು, ಒಂದೊಂದು ಅಲೆ ಒಂದು ಅಕ್ಕಿಕಾಳಿನಷ್ಟು ಉದ್ದ ಅಂತ. ರೇಡಿಯೋ ಅಲೆಯ ಚಿಕ್ಕ ತಂಗಿ ಅಂದ್ಕೋ. ಬಟ್ಟೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹತ್ತಿಯಾಗಲಿ, ಉಣ್ಣೆಯಾಗಲಿ, ಸುಮ್ನೆ ದಾಟಿ ಒಳಗೆ ಬರುತ್ತೆ. ಬಂದು ಚರ್ಮ ಮುಟ್ಟಿತು ಅಂದ್ರೆ ಮುಗೀತು, ವಾಪಸ್. ಚರ್ಮದಲ್ಲಿ ನೀರಿದೆಯಲ್ಲ, ನೀರಿಗೂ ಅದಕ್ಕೂ ಆಗಿಬರಲ್ಲ. ಬಟ್ಟೆಗೂ ಚರ್ಮಕ್ಕೂ ಮಧ್ಯೆ ಏನಾದರೂ ಇದ್ರೆ ಅಷ್ಟೇ ಅದಕ್ಕೆ ಗೊತ್ತಾಗೋದು. ಚರ್ಮದ ಒಳಗಿನ ಸಂಗತಿ ಏನೂ ತಿಳಿಯಲ್ಲ. ಮೂಳೆ, ಹೃದಯ, ಗಡ್ಡೆ... ಗಡ್ಡೆ ಗಿಡ್ಡೆ ಯಾವುದೂ ಕಾಣಲ್ಲ. ಸುಮ್ನೆ ಮಾತಿಗೆ ಹೇಳಿದೆ.

ನೀರು ಕುಡಿ. ಬಾಟ್ಲಿ ತಗೋ, ನನ್ನದು, ಯಾರೂ ಕಿತ್ಕೊಳಲ್ಲ.

ಹೋದ ವಾರ ಒಬ್ಬ ದಪ್ಪನೆ ಯಜಮಾನ್ರು ಓಡೋಡಿ ಬಂದ್ರು, ವಿಮಾನ ತಪ್ಪಿ ಹೋಗುತ್ತೆ ಅಂತ. ಬೆನ್ನೆಲ್ಲ ಬೆವರು ಕಿತ್ಕೊಂಡು ಹರೀತಿದೆ. ಗೂಡೊಳಗೆ ನಿಂತ್ರೆ ಬೆನ್ನ ತುಂಬ ಚೌಕ! ಬೆವರೂ ನೀರೇ ಅಲ್ವಾ? ಮೀಸೆ ತಟ್ಟಿ ತಟ್ಟಿ ನೋಡಿ ಕೈ ಒರೆಸಿಕೊಂಡ. ಇನ್ನೊಬ್ಬ ಅಜ್ಜ ಎರಡೂ ಕೈ ಎತ್ತಿ ನಿಂತು, ಎಷ್ಟು ಹೊತ್ತಮ್ಮಾ ಶರಣಾಗಿರಬೇಕು ನಾನು ಅಂತ ಕೇಳಿದ್ರು. ಒಬ್ಬಳು ಮುದುಕಿ ಸೊಂಟದಲ್ಲಿ ಬಿಸ್ಕತ್ ಪೊಟ್ಟಣ ಸಿಕ್ಕಿಸಿಕೊಂಡು ಬಂದಿದ್ದಳು, ಮೊಮ್ಮಗನಿಗೆ ಕಾಣಬಾರದು ಅಂತ. ಹೊರಗೆ ತೆಗೆಸಿದಾಗ ಹುಡುಗನ ಮುಂದೆ ಮಾನ ಹೋಯ್ತು ಅಂತ ನನಗೆ ಬಾಯಿಗೆ ಬಂದ ಹಾಗೆ ಬೈದಳು! ನಾನೂ ಬೈಸಿಕೊಂಡೆ. ಬೈಸಿಕೊಳ್ಳೋದಕ್ಕೆ ಸಂಬಳ ಕೊಡೋದು ನಮಗೆ.

ದಿನಕ್ಕೆ ಒಂಬೈನೂರು ಜನ ಕಣೇ. ಮುಂದೆ ಬನ್ನಿ, ಕಾಲು ಗುರುತಿನ ಮೇಲೆ ಇಡಿ, ಕೈ ಎತ್ತಿ, ಅಲ್ಲಾಡಬೇಡಿ, ಆಯ್ತು ಹೋಗಿ. ಮುಂದೆ ಬನ್ನಿ, ಕಾಲು ಗುರುತಿನ ಮೇಲೆ ಇಡಿ... ಮೊನ್ನೆ ಮನೇಲಿ ಯಾರೋ ಬಾಗಿಲು ತಟ್ಟಿದ್ರು. ತೆಗೆದ್ರೆ ನಿಮ್ಮ ಭಾವ, ಕೈಯಲ್ಲಿ ಚೀಲ. ನಾನು ಏನಂದೆ ಗೊತ್ತಾ? ಮುಂದೆ ಬನ್ನಿ ಅಂದೆ! ಅವರು ಚೀಲ ಕೆಳಗಿಟ್ಟು ಕೈ ಎತ್ತಿ ನಿಂತ್ಕೊಂಡ್ರು. ಹಾಸ್ಯಕ್ಕೆ ಮಾಡಿದ್ದು. ನನಗೆ ನಗು ಬರಲಿಲ್ಲ. ಸುಸ್ತು ಪೀಚು. ಬೆಳಗ್ಗೆ ಎದ್ದಾಗಲೇ ಸುಸ್ತು. ನಿದ್ದೆ ಮಾಡಿದ್ರೂ ಹೋಗದೇ ಇರೋ ಅಂಥದ್ದು... ಅಮ್ಮನ್ನ ನೋಡ್ಕೊಂಡ ಆ ಹತ್ತು ವರ್ಷದ್ದೆಲ್ಲ ಈಗ ಬಂದು ಮೈಮೇಲೆ ಕೂತಿದೆಯೇನೋ.

ಅದಕ್ಕೇ ತಪ್ಪಾಗೋದು. ನನಗೊಬ್ಬಳಿಗೇ ಅಲ್ಲ, ಎಲ್ಲರಿಗೂ. ಹೋದ ತಿಂಗಳು ಉದ್ದಜಡೆ ಒಬ್ಬ ಟೀಚರಮ್ಮನಿಗೆ ನೀಲಿ ಒತ್ತಿಬಿಟ್ಟಳು. ಪರದೆ ಮೇಲೆ ಎಡಕ್ಕೊಂದು ಬಲಕ್ಕೊಂದು ಎರಡು ಚೌಕ, ದೊಡ್ಡ ದೊಡ್ಡದಾಗಿ! ಹಿಂದೆ ಸಾಲಲ್ಲಿ ಅವರದೇ ಶಾಲೆ ಮಕ್ಕಳು, ಕಿಸಿಕಿಸಿ ಅಂತ ನಗು. ನೀಲಿ ಒತ್ತಿದ್ರೆ ಎರಡು ಬಂದೇ ಬರುತ್ತೆ, ತಪ್ಪಿಸೋಕಾಗಲ್ಲ...

ಏನು?

ಏನಂದೆ? ನಿನಗೆ... ಹ್ಞೂಂ. ನಿನಗೆ ಒಂದೇ ಬಂತು. ಹೌದು. ಎಡಗಡೆ.

ನೋಡ್ಬಿಟ್ಟೆಯಾ ಅದನ್ನ. ಆ ಪರದೆ ಗೂಡಿನಿಂದ ಆಚೆ ಬರೋರಿಗೂ ಕಾಣುತ್ತೆ, ಆದರೆ ಯಾರೂ ನೋಡಲ್ಲ. ಎಲ್ಲರಿಗೂ ಅವರವರ ಚಪ್ಪಲಿ, ಬೆಲ್ಟಿನ ಚಿಂತೆ. ನೀನು ಬಿಡ್ತೀಯಾ? ಪ್ರೂಫ್ ತಿದ್ದೋ ಕಣ್ಣು! ಮುನ್ನೂರು ಪುಟದ ಪಾಠಪುಸ್ತಕದಲ್ಲಿ ಒಂದು ಅಲ್ಪವಿರಾಮ ಬಿದ್ದುಹೋಗಿದ್ರೆ ಹಿಡೀತೀಯ, ಅಕ್ಕ ಹೇಳೋ ಸುಳ್ಳು ಯಾವ ಮಹಾ.

ಸರಿ. ಗುಲಾಬಿನೇ ಒತ್ತಿದ್ದು. ಸರಿಯಾಗೇ ಒತ್ತಿದ್ದು.

ಇನ್ನೇನು ಮಾಡ್ಲಿ ಹೇಳು? ಚೌಕ ಬಿದ್ದ ಮೇಲೆ ಆ ಬಟ್ಟೆ ಪರದೆ ಹಿಂದೆ ಕರ್ಕೊಂಡು ಹೋಗ್ಲೇಬೇಕು. ಇವತ್ತು ಆ ಕೆಲಸಕ್ಕೆ ಹೊಸ ಹುಡುಗಿ. ಅದಕ್ಕೆ ಕೈಯೂ ಬಿರುಸು, ಬಾಯೂ ಬಿರುಸು. ಏನ್ರೀ ಇದು, ತೆಗೀರಿ, ತೋರ್ಸಿ ಅಂತ ಹತ್ತು ಜನಕ್ಕೆ ಕೇಳೋ ಹಾಗೆ ಅಂತಾಳೆ. ನನ್ನ ತಂಗಿಗೆ ಅನ್ನಿಸಲಾ? ಅದಕ್ಕೇ ಬಾಯಿಗೆ ಬಂದಿದ್ದು ಅಂದೆ. ನಮ್ಮಲ್ಲಿ ಎಲ್ಲರೂ ನಂಬೋ ಸುಳ್ಳು ಅದೊಂದೇ. ದಿನಕ್ಕೆ ಎರಡು ಸಲ ನಿಜವಾಗಲೂ ಆಗುತ್ತಲ್ಲ, ಯಾರಿಗೂ ಅನುಮಾನ ಬರಲ್ಲ. ಗೊತ್ತಾದ್ರೆ? ಗೊತ್ತಾದ್ರೆ ಕೆಲಸ ಹೋಗುತ್ತೆ. ಹೋಗ್ಲಿ ಬಿಡು.

ಅದು ಏನು ಅಂತ ನಾನು ಕೇಳಲ್ಲ ಪೀಚು. ತಿಂಗಳಿಗೆ ಇಬ್ಬರು ಮೂವರು ಬರ್ತಾರೆ ಹಾಗೆ. ಒಂದು ಕಡೆ ಚೌಕ, ಎದೆ ಮೇಲೆ, ಮುಖದಲ್ಲಿ ನಿನ್ನ ಹಾಗೇ ಒಂದು ನೋಟ. ಒಳಗೆ, ಆಪರೇಷನ್ನಲ್ಲಿ ತೆಗೆದ ಕಡೆ, ಮೆತ್ತೆ ಇಟ್ಕೊಂಡಿರ್ತಾರೆ, ಸಿಲಿಕೋನಿಂದು. ಮಿಷಿನ್ನಿಗೆ ಅದು ಮೈ ಅಲ್ಲ, ಅದಕ್ಕೆ ಕೂಗುತ್ತೆ. ನಾವು ಬೆರಳ ತುದೀಲಿ ಮುಟ್ಟಿ, ಕ್ಷಮಿಸಿ ಅಂದು ಕಳಿಸ್ತೀವಿ. ಹತ್ತು ಸೆಕೆಂಡು. ಆಮೇಲೆ ಅವರು ಬೆಲ್ಟು ಹಾಕಿಕೊಳ್ತಾ ಅಳ್ತಿರ್ತಾರೆ, ನಾವು ಮುಂದೆ ಬನ್ನಿ ಅಂತಿರ್ತೀವಿ.

ಕೈ ತೆಗಿ ಅಲ್ಲಿಂದ. ಮುಚ್ಚಿಕೊಳ್ಳೋದು ಯಾಕೆ, ನನ್ನ ಹತ್ರ? ನಿನಗೆ ಸ್ನಾನ ಮಾಡಿಸಿದೋಳು ನಾನು. ಹುಟ್ಟಿದಾಗ ಅಂಗೈಯಷ್ಟಿದ್ದೆ. ಇಷ್ಟು ಪೀಚು ಮಗು ಬದುಕುತ್ತಾ ಅಂತ ಎಲ್ಲರೂ ಅಂದ್ರು. ಬದುಕಿದೆಯಲ್ಲ, ನಲವತ್ತೊಂದು ವರ್ಷ.

ಯಾವಾಗ ತೆಗೆದ್ರು? ...ಆ ಒಂದು ತಿಂಗಳು ಹೋಗಿದ್ಯಲ್ಲ, ಅಚ್ಚಿನ ಮನೇಲಿ ಪುಸ್ತಕದ ಕೆಲಸ, ನಾನೇ ನಿಂತು ನೋಡ್ಬೇಕು ಅಂತ, ಆಗಲಾ? ಆಗಲೇ ಅಲ್ವಾ? ತಲೆ ಆಡಿಸಿದ್ರೆ ಸಾಕು. ಹ್ಞೂಂ. ಈಗ ಮೂರು ಮೂರು ವಾರಕ್ಕೆ ಹೋಗ್ತೀಯಲ್ಲ, ಅದೂ ಅಚ್ಚಿನ ಮನೆಗಲ್ಲ. ಕೀಮೋ ಡ್ರಿಪ್ಪಿಗೆ. ಒಬ್ಬಳೇ ಹೋಗಿ, ಡ್ರಿಪ್ ಹಾಕಿಸಿಕೊಂಡು, ಒಬ್ಬಳೇ ಲಾಡ್ಜಲ್ಲಿ ಮಲಗಿ, ಒಬ್ಬಳೇ ಬರೋದು.

ಅಯ್ಯೋ ನಿನ್ನ... ಆಪರೇಷನ್ನಿಗೆ ಸಹಿ ಯಾರು ಹಾಕಿದ್ರೇ? ಮನೆಯವರು ಹಾಕ್ಬೇಕಲ್ಲ? ಏನು? ಪಕ್ಕದ ಮಂಚದ ಹೆಂಗಸಿನ ಗಂಡನಾ? ಯಾವನೋ ದಾರಿಹೋಕ ಬಂದು ನನ್ನ ತಂಗಿಯ ಮೈಗೆ ಸಹಿ ಹಾಕಿದನಾ!

ನಾನು ಸತ್ತು ಹೋಗಿದ್ನಾ? ಹೇಳು! ಇದೇ ಊರಲ್ಲಿ, ಎರಡು ಬಸ್ಸು ಬದಲಾಯಿಸಿದ್ರೆ ನನ್ನ ಮನೆ. ಬೀದಿಗೆ ಬಿದ್ದ ಬೆಕ್ಕಿಗೆ ಮುಲಾಮು ಹಚ್ಚೋಕೆ ನನ್ನ ಹತ್ರ ಓಡಿ ಬರ್ತಿದ್ದೋಳು ನೀನು. ಇಂಥಾ ದೊಡ್ಡದು ಬಂದಾಗ ಬಾಯಿ ಮುಚ್ಕೊಂಡು ಕೂತ್ಯಾ? ಅಕ್ಕ ಅಂತ ಒಬ್ಬಳು ಇದಾಳೆ ಅನ್ನಿಸಲಿಲ್ವಾ? ಯಾಕೆ ಹೇಳಲಿಲ್ಲ ನನಗೆ? ಯಾಕೆ?

...ಏನು? ಜೋರಾಗಿ ಹೇಳು.

ಅಮ್ಮ ಹೋದ ದಿನ... ನಾನು ಅಂದಿದ್ದಾ.

ಅಂದೆ. ನೆನಪಿದೆ. ಮರೆಯೋಕೆ ಹೇಗಾಗುತ್ತೆ, ಇಡೀ ಮನೆ ಜನ ತಿರುಗಿ ನೋಡಿದ್ರಲ್ಲ. ಚಿಕ್ಕಮ್ಮ ಬಂದು, ಪಾಪ ಎಷ್ಟು ಸೇವೆ ಮಾಡಿದೆ ನೀನು ಅಂದ್ರು. ಆ ಸೇವೆ ಅನ್ನೋ ಮಾತು ಕೇಳಿ ನನಗೆ ಎಲ್ಲಿತ್ತೋ ರೇಗಿಹೋಯ್ತು. ಇನ್ನು ನನ್ನ ಕೈಯಲ್ಲಿ ಯಾರ ಸೇವೆನೂ ಆಗಲ್ಲ, ಯಾರೂ ರೋಗ ಹೊತ್ಕೊಂಡು ನನ್ನ ಬಾಗಿಲಿಗೆ ಬರಬೇಡಿ, ನನ್ನ ಮಕ್ಕಳೂ ಬರಬೇಡಿ ಅಂದೆ. ಕಿರುಚಿದೆ. ನೀನು ಅಡುಗೆಮನೆ ಬಾಗಿಲಲ್ಲಿ ಲೋಟ ತೊಳೀತಾ ನಿಂತಿದ್ದೆ.

ಆಗಲೇ ಗೊತ್ತಿತ್ತಾ ನಿನಗೆ? ಆ ದಿನವೇ?

ಅಯ್ಯೋ ದೇವರೇ. ಹಿಂದಿನ ವಾರ ರಿಪೋರ್ಟು ಬಂದಿತ್ತಾ... ಹೇಳೋಣ ಅಂತ ಕಾಯ್ಕೊಂಡಿದ್ಯಾ...

ನನಗೇನು ಗೊತ್ತಿತ್ತೇ? ಹತ್ತು ವರ್ಷ ಪೀಚು! ಅಮ್ಮನ ಬಾಯಿಂದ ಮಾತು ಹೋಗಿ, ಬಲಗೈ ಹೋಗಿ, ಕೊನೆಗೆ ನಾನು ಯಾರು ಅನ್ನೋದೂ ಹೋಗಿ. ಡ್ಯೂಟಿ ಮುಗಿಸಿ ಹೋಗಿ ಹಾಸಿಗೆ ಬಟ್ಟೆ ಒಗೆಯೋದು, ಬೆನ್ನು ಹುಣ್ಣು ತೊಳೆಯೋದು. ನೀನು ವಾರಕ್ಕೊಂದು ಸಲ ಬಂದು ಹಣ್ಣಿನ ಚೀಲ ಇಟ್ಟು, ಅಮ್ಮನ ತಲೆ ಬಾಚಿ ಹೋಗ್ತಿದ್ದೆ. ನಿನಗೆ ಮುಗುಳ್ನಗ್ತಿದ್ದಳು, ನನಗೆ ಉಗೀತಿದ್ದಳು. ತಪ್ಪು ಅಂತಲ್ಲ. ನಿನ್ನ ಮೇಲೆ ಹೊಟ್ಟೆಕಿಚ್ಚೂ ಇತ್ತು ಅಂದ್ಕೋ. ಸುಸ್ತಾದೋಳ ಬಾಯಲ್ಲಿ ಏನು ಬರುತ್ತೆ ಅಂತ ಅವಳಿಗೇ ಗೊತ್ತಿರುತ್ತಾ? ಅದನ್ನ ಹಿಡ್ಕೊಂಡು ಕೂರೋದಾ? ಅಂದೆ ಅಂದ ಮಾತ್ರಕ್ಕೆ ಅದೇ ನಿಜ ಆಗುತ್ತಾ?

ಒಂದು ಮಾತು ಹೇಳಿದ್ರೆ ಓಡಿ ಬರ್ತಿದ್ದೆ ಕಣೇ. ಉಟ್ಟ ಬಟ್ಟೇಲೇ. ಗೊತ್ತಾದ ಆ ಕ್ಷಣ ಬರ್ತಿದ್ದೆ.

ಯಾಕೆ ಹಾಗೆ ನೋಡ್ತೀಯ?

ನಿಜವಾಗಲೂ ಬರ್ತಿದ್ದೆ. ಗೊತ್ತಾಗಬೇಕಲ್ಲ ನನಗೆ? ಇವತ್ತು ಆ ಚೌಕ ಬಿದ್ದಾಗಲೇ ನನಗೆ ಗೊತ್ತಾಗಿದ್ದು. ಇವತ್ತೇ... ಬೆಳಗ್ಗೆ... ಏನೇ, ಎವೆ ಮುಚ್ಚದೆ ನೋಡ್ತೀಯ? ಮುಖದ ಮೇಲೆ ಏನಾದ್ರೂ ಅಂಟಿದೆಯಾ?

ಬಿಡು. ವಿಮಾನದ ಚೀಟಿ ಕೊಡಿಲ್ಲಿ, ಯಾವ ಗೇಟು ನೋಡೋಣ. ಆ ಕಡೆ ತುದಿಗಾದ್ರೆ ಗಾಲಿ ಕುರ್ಚಿ ತರಿಸ್ತೀನಿ, ನಡೀಬೇಡ. ಕೊಡೇ... ಏನೋ ಬಿತ್ತು. ನೀನು ಬಗ್ಗಬೇಡ, ನಾನು ತೆಗೀತೀನಿ. ಆಸ್ಪತ್ರೆ ಕಾಗದ. ಇರು, ಕನ್ನಡಕ...

ಇದು... ಇದು ನಮಗೆ ಕೊಡೋ ಕಾಗದ. ಡಾಕ್ಟರು ಬರೆದುಕೊಡ್ತಾರಲ್ಲ. ಇವರಿಗೆ ಇಂಥ ಆಪರೇಷನ್ ಆಗಿದೆ, ದಯವಿಟ್ಟು ಮಿಷಿನ್ನಲ್ಲಿ ನಿಲ್ಲಿಸಬೇಡಿ, ಮರೆಯಲ್ಲಿ ಕೈಯಿಂದ ಪರೀಕ್ಷೆ ಮಾಡಿ ಅಂತ. ಇದನ್ನ ತೋರಿಸಿದ್ರೆ ನಾವು ಮಾತೇ ಆಡಲ್ಲ. ಪಕ್ಕದ ಬಾಗಿಲಿಂದ ಕರ್ಕೊಂಡು ಹೋಗಿ, ಕುರ್ಚಿ ಕೊಟ್ಟು, ವಯಸ್ಸಾದ ಯಾರನ್ನಾದ್ರೂ ಕರೆಸಿ ಎರಡು ನಿಮಿಷದಲ್ಲಿ ಕಳಿಸ್ತೀವಿ. ನಿನ್ನ ಹತ್ರ ಇತ್ತಾ ಇದು? ಮತ್ತೆ ಯಾಕೆ ತೋರಿಸಲಿಲ್ಲ? ಪೆದ್ದಿ! ಸಾಲಲ್ಲಿ ಮುಕ್ಕಾಲು ಗಂಟೆ ನಿಂತು, ಆ ನೋವಿರೋ ಕೈ ಮೇಲೆತ್ತಿ... ತಾರೀಖು... ಇದು ಮೂರು ತಿಂಗಳ ಹಿಂದಿಂದು. ಮಡಿಕೆನೂ ಹರಿದಿಲ್ಲ. ಒಂದು ಸಲವೂ ಬಿಚ್ಚಿಲ್ಲ ಇದನ್ನ. ಮೊದಲನೇ ಸಲ ಬಂದಾಗಲೂ ಚೀಲದಲ್ಲೇ ಇತ್ತು ಅನ್ನು. ಅವತ್ತು ಉದ್ದಜಡೆ ನಿನ್ನ ಪರದೆ ಹಿಂದೆ ಕರ್ಕೊಂಡು ಹೋದಾಗಲೂ ನೀನು ಇದನ್ನ...

...

ಪೀಚು.

ಏನಾದ್ರೂ ಕೇಳು. ನಿನಗೆ ಹೇಗೆ ಗೊತ್ತು ಅಂತ ಕೇಳು. ಅವತ್ತು ನೀನು ಅಲ್ಲಿ ಇರಲಿಲ್ವಲ್ಲ ಅಕ್ಕಾ ಅನ್ನು. ಆಶ್ಚರ್ಯ ಆಗ್ಬೇಕಲ್ವಾ ನಿನಗೆ? ಯಾಕೆ ಆಗ್ತಿಲ್ಲ?

ಮುಖ ಆ ಕಡೆ ತಿರುಗಿಸ್ಬೇಡ ಕಣೇ.

ನೋಡಿದ್ಯಾ ನನ್ನ? ಅವತ್ತು?

...ಇದ್ದೆ. ಡ್ಯೂಟೀಲೇ ಇದ್ದೆ. ಸಾಮಾನು ಬರೋ ಬೆಲ್ಟಿನ ಕೊನೇಲಿ. ತಿರುಗಿದ್ರೆ ನೀನು ಗಾಜಿನೊಳಗೆ, ಕೈ ಮೇಲೆ ಎತ್ಕೊಂಡು. ಕರೆಯೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಬೊಂಬೆ ಮೇಲೆ ಚೌಕ ಬಿತ್ತು. ಎಡಗಡೆ. ನನಗೆ ಒಂದೇ ಕ್ಷಣಕ್ಕೆ ಗೊತ್ತಾಗಿಹೋಯ್ತು. ಇಷ್ಟು ಜನರದ್ದು ನೋಡಿದೀನಲ್ಲ, ನಿಂದು ಗೊತ್ತಾಗಲ್ವಾ? ಮುಂದೆ ಖಾಲಿ ಟ್ರೇ ರಾಶಿ ಇತ್ತು. ನಾನು... ನಾನು ಬಗ್ಗಿದೆ ಪೀಚು. ಟ್ರೇ ಜೋಡಿಸೋಳ ಹಾಗೆ ಅದರ ಹಿಂದೆ ಬಗ್ಗಿ ಕೂತೆ. ನೀನು ಪರದೆ ಹಿಂದಿಂದ ಬಂದೆ, ಚಪ್ಪಲಿ ಹಾಕ್ಕೊಂಡೆ, ಹೋದೆ. ಅಲ್ಲಿವರೆಗೂ ಏಳಲಿಲ್ಲ. ಆಮೇಲೆ ಉದ್ದಜಡೆ ಬಂದು, ಪಾಪ, ಒಂದು ಕಡೆ ಪೂರ್ತಿ ತೆಗೆದುಬಿಟ್ಟಿದಾರೆ ಅಂದಳು. ಯಾರಿಗೆ ಅಂತ ಕೇಳ್ದೆ ನಾನು. ಗೊತ್ತಿಲ್ಲದೋಳ ಹಾಗೆ, ಯಾರಿಗೆ ಅಂತ!

ಆಗ ನನ್ನ ಮನಸ್ಸಿಗೆ ಬಂದಿದ್ದು ಏನು ಗೊತ್ತಾ? ನಿನ್ನ ನೋವಲ್ಲ. ಮತ್ತೆ ಆಸ್ಪತ್ರೆ, ಮತ್ತೆ ಹಾಸಿಗೆ ಬಟ್ಟೆ, ಮತ್ತೆ ಆ ವಾಸನೆ, ನನ್ನ ಕೈಲಾಗಲ್ಲ ನನ್ನ ಕೈಲಾಗಲ್ಲ ಅಂತ ಇಷ್ಟೇ. ಅವಳು ಹೇಳಿಲ್ಲವಲ್ಲ, ಹೇಳೋವರೆಗೂ ನನಗೆ ಗೊತ್ತಿಲ್ಲ, ಗೊತ್ತಿಲ್ಲದೆ ಇದ್ರೆ ಮಾಡೋದೂ ಬೇಡ. ಹಾಗೆ ಅಂದ್ಕೊಂಡೆ. ನೀನು ಪ್ರತಿ ಸಲ ಹೊರಡೋ ಹಿಂದಿನ ದಿನ ಮೆಸೇಜ್ ಹಾಕ್ತಿದ್ದೆ, ನಾಳೆ ಹೋಗ್ತಿದೀನಿ, ನೀನು ಡ್ಯೂಟೀಲಿ ಇರ್ತೀಯಾ ಅಕ್ಕಾ ಅಂತ. ನಾನು ಡ್ಯೂಟಿ ಬದಲಾಯಿಸಿಕೊಂಡು, ರಜೆ ಕಣೇ ಅಂತ ಬರೀತಿದ್ದೆ. ಮೂರು ಸಲ. ಇವತ್ತೂ ಹಾಗೇ ಆಗ್ತಿತ್ತು, ಆ ಮಗೂಗೆ ಜ್ವರ ಬರದೇ ಇದ್ದಿದ್ರೆ.

ಕೆಟ್ಟೋಳು ನಾನು. ಹೌದು ಅನ್ನು. ಅಷ್ಟಾದ್ರೂ ಅನ್ನು.

ಇರು. ಆ ಕಾಗದ ಯಾಕೆ ತಗೋತೀಯ, ಇರು. ನನಗೆ ಇನ್ನೂ ಅರ್ಥ ಆಗ್ತಿಲ್ಲ. ರೈಲಿತ್ತು ನಿನಗೆ. ಆರು ಗಂಟೆ ದಾರಿ, ಮಲಗಿಕೊಂಡೇ ಹೋಗಬಹುದಿತ್ತು. ವಿಮಾನವೇ ಬೇಕು ಅಂದ್ರೆ ಈ ಕಾಗದ ಇತ್ತು. ತೋರಿಸಲಿಲ್ಲ. ಮೂರು ಮಿಷಿನ್ ಇವೆ, ನಮ್ಮದೇ ಉದ್ದ ಸಾಲು, ಯಾವಾಗಲೂ. ಉದ್ದಜಡೆ ಒಂದು ಸಲ ಅಂದಿದ್ದಳು, ನಿನ್ನ ಹಾಗೇ ಮೂಗಿರೋಳು ಒಬ್ಬಳು ಬಂದು ನಿನ್ನ ಕೇಳ್ತಿದ್ದಳು, ಇಲ್ಲ ಅಂದಿದ್ದಕ್ಕೆ ಇದೇ ಸಾಲಲ್ಲಿ ಹೋಗಿ ನಿಂತಳು ಅಂತ. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ...

ಬಾಗಿಲಿಗೆ ಬರಬೇಡಿ ಅಂದಿದ್ದೆನಲ್ಲ ನಾನು. ಬಾಯಿ ಬಿಟ್ಟು ಹೇಳೋಕೆ ದಾರಿ ಇಲ್ಲದ ಹಾಗೆ ಮಾಡಿದ್ದೆ. ಅದಕ್ಕೇ ಇಲ್ಲಿಗೆ ಬಂದ್ಯಾ? ಹೇಳದೇನೇ ನನಗೆ ಗೊತ್ತಾಗಲಿ ಅಂತ? ಅವತ್ತು ನಾನು ಬಗ್ಗಿದ್ದು ನೋಡಿದ ಮೇಲೂ? ಅದಾದ ಮೇಲೂ ಮೂರು ಸಲ ಬಂದು, ಇವತ್ತು ಮತ್ತೆ ಬಂದು...

ಕೂತ್ಕೋ. ಇನ್ನೂ ಕರೆದಿಲ್ಲ, ಅದು ಬೇರೆ ವಿಮಾನ. ಕೂತ್ಕೋ ಪೀಚು, ಕೈ ಕೊಡು. ಎಷ್ಟು ತಣ್ಣಗಿದೆ.

ಐದು ಸಲವೂ ಹಾಗೆ ಕೈ ಎತ್ತಿ ನಿಂತಿದ್ದು ನನಗೆ ಕಾಣಲಿ ಅಂತಾನಾ?

ಇಲ್ಲ ಅನ್ನೇ. ಹಾಗೇನಿಲ್ಲ ಅಕ್ಕಾ, ಕಾಗದ ಇರೋದು ಮರೆತುಹೋಗಿತ್ತು ಅನ್ನು. ನಾನು ನಂಬ್ತೀನಿ. ನೀನು ಏನು ಹೇಳಿದ್ರೂ ನಂಬ್ತೀನಿ. ಒಂದೇ ಒಂದು ಸಲ ಇಲ್ಲ ಅಂತ ಹೇಳೇ.